ಬರೆದಿದ್ದ ಅರ್ಧ

ರಿಚರ್ಡ್ಸ್ ಟೌನಿನ ಒಂದು ಹಳೆಯ ಬಂಗಲೆಯ ಹಿಂದೆ, ಹಿಂದೆಂದೋ ಕಾರು ನಿಲ್ಲಿಸುತ್ತಿದ್ದ ಶೆಡ್ಡಿನಲ್ಲಿ, ಏಳು ಜನ ಹೆಂಗಸರು ಕೂತು ಹಳೇ ಗ್ರೀಟಿಂಗ್ ಕಾರ್ಡು ಕತ್ತರಿಸುತ್ತಾರೆ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ. ಕ್ರಿಸ್‌ಮಸ್ಸು, ಹೊಸ ವರ್ಷ, ದೀಪಾವಳಿ ಎಂದು ಜನ ಕಳಿಸಿದ ಕಾರ್ಡುಗಳು ಜನವರಿ ಮುಗಿಯುವಷ್ಟರಲ್ಲಿ ಫ್ರಿಜ್ಜಿನ ಮೇಲೆ ಧೂಳು ಹಿಡಿದು ಕೂತಿರುತ್ತವೆ. ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಅಂಥ ಮನೆಗಳಿಂದ, ಆಫೀಸುಗಳಿಂದ ನಂದಿತಾ ಮೇಡಂ ಅವನ್ನು ಚೀಲಗಟ್ಟಲೆ ತರಿಸುತ್ತಾರೆ. ಮಡಿಕೆಯ ಮೇಲೆ ಸ್ಟೀಲ್ ಸ್ಕೇಲಿಟ್ಟು ಕಟರಿನಿಂದ ಸೀಳಿದರೆ ಕಾರ್ಡು ಎರಡಾಗುತ್ತದೆ. ಚಿತ್ರವಿರುವ ಅರ್ಧವನ್ನು ಹೊಸ ರಟ್ಟಿಗೆ ಅಂಟಿಸಿದರೆ ಮುಂದಿನ ಡಿಸೆಂಬರಿಗೆ ಹೊಸ ಕಾರ್ಡು ಸಿದ್ಧ. ಬರೆದಿರುವ ಅರ್ಧ ಮಾತ್ರ ಗೋಣಿಚೀಲ ಸೇರುತ್ತದೆ. ಅಲ್ಲಿಂದ ಶಿವಾಜಿನಗರದಲ್ಲಿರುವ ಹಾಶಿಮ್ ಸಾಹೇಬರ ರದ್ದಿ ಅಂಗಡಿ, ಅಲ್ಲಿಂದ ಕಾಗದದ ಗಿರಣಿ. ಗಿರಣಿಯಲ್ಲಿ ನೆನೆಸಿ, ರುಬ್ಬಿ, ಶುಭಾಶಯವನ್ನೆಲ್ಲ ಗಂಜಿ ಮಾಡಿಬಿಡುತ್ತಾರೆ.

ಶೆಡ್ಡಿಗೆ ಒಂದೇ ಕಾನೂನು. ಬರೆದಿರುವ ಅರ್ಧವನ್ನು ಯಾರೂ ಓದಬಾರದು, ಯಾರೂ ಮನೆಗೆ ಒಯ್ಯಬಾರದು. ಎರಡು ವರ್ಷದ ಕೆಳಗೆ ಯಾರೋ ಒಬ್ಬಾಕೆ ಒಂದು ಕಾರ್ಡು ಓದಿ, ಅದರಲ್ಲಿದ್ದ ಮನೆಯ ಗುಟ್ಟನ್ನು ಫ್ರೇಜರ್ ಟೌನಿಗೆಲ್ಲ ಹಂಚಿ, ದೊಡ್ಡ ರಾದ್ಧಾಂತವಾಗಿತ್ತಂತೆ. ಅಂದಿನಿಂದ ಮೇಡಂ ಕಾರ್ಡು ಕೊಡುವವರಿಗೆಲ್ಲ ಮಾತು ಕೊಟ್ಟಿದ್ದರು. ನಿಮ್ಮ ಚಿತ್ರ ಮಾತ್ರ ನಮಗೆ, ನಿಮ್ಮ ಅಕ್ಷರ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು. ಹೇಳಿದಷ್ಟು ಸುಲಭವೇ ಅದು? ಕೈಯಲ್ಲಿ ಇನ್ನೊಬ್ಬರ ಕಾಗದ ಹಿಡಿದುಕೊಂಡು ಓದದೆ ಇರುವುದಕ್ಕೆ ಋಷಿಯೇ ಆಗಬೇಕು. ಕಿಟಕಿಯ ಪಕ್ಕ ಕೂರುವ ಶಕೀಲಾ ಅಂತೂ ಋಷಿಯಲ್ಲ.

"ಅಯ್ಯೋ ಯಶೋದಕ್ಕಾ, ಇಲ್ನೋಡಿ, ಈ ಮಗ ಅಪ್ಪಂಗೆ ಸಾರಿ ಅಂತ ಬರ್ದಿದಾನೆ! ಏನ್ ಮಾಡಿರ್ಬೋದು ಹೇಳಿ?" ಎಂದು ಅವಳು ಕೇಳಿದರೆ ಉಳಿದವರ ಕಟರೂ ನಿಲ್ಲುತ್ತಿತ್ತು.

ಯಶೋದಮ್ಮನ ಕೈ ನಿಲ್ಲುತ್ತಿರಲಿಲ್ಲ. ಅವಳಿಗೆ ಇಂಗ್ಲಿಷ್ ಬಾರದು. ಹೊರಮಾವಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಬಂದಿದ್ದರೂ ಓದುತ್ತಿದ್ದಳೋ ಇಲ್ಲವೋ. ಸೀಳು, ಇಡು, ಎಸೆ. ಸೀಳು, ಇಡು, ಎಸೆ. ಉಳಿದವರು ದಿನಕ್ಕೆ ಮುನ್ನೂರು ಮಾಡಿದರೆ ಅವಳದು ಐನೂರು ದಾಟುತ್ತಿತ್ತು. "ನೀವೊಬ್ರೇ ನೋಡಿ ಯಶೋದಮ್ಮ, ರೂಲ್ ಪ್ರಕಾರ ಕೆಲಸ ಮಾಡೋದು. ಐ ಟ್ರಸ್ಟ್ ಯೂ," ಎಂದು ನಂದಿತಾ ಮೇಡಂ ಎಲ್ಲರೆದುರಿಗೆ ಹೇಳಿದ್ದರು. ಯಶೋದಮ್ಮ ತಲೆ ಆಡಿಸಿ ಮುಂದಿನ ಕಾರ್ಡು ಎತ್ತಿಕೊಂಡಿದ್ದಳು.

ಮಗ ಸುಗತ ತೀರಿಹೋಗಿ ಆಗ ಮೂರು ತಿಂಗಳಾಗಿತ್ತು. ಇಪ್ಪತ್ತೊಂಬತ್ತು ವರ್ಷದ ಹುಡುಗ. ಸಂಕ್ರಾಂತಿಯ ಎಳ್ಳು ತಿಂದವನಿಗೆ ಮರುವಾರ ಜ್ವರ ಬಂತು. ಮಾತ್ರೆ ನುಂಗಿ ಮಲಗಿದ. ನಾಲ್ಕನೇ ದಿನ ಜ್ವರ ಮಿದುಳಿಗೇರಿದೆ ಅಂದರು. ಐದನೇ ದಿನ ಅನ್ನುವುದು ಅವನಿಗೆ ಬರಲಿಲ್ಲ. ರಾಮಮೂರ್ತಿ ನಗರದ ಬಾಡಿಗೆ ಮನೆಗೆ ಬಂದವರೆಲ್ಲ ಎದೆ ಬಡಿದುಕೊಂಡು ಅತ್ತರು. ಹೆತ್ತವಳು ಮಾತ್ರ ಬಂದವರಿಗೆ ಚಾಪೆ ಹಾಸುತ್ತಿದ್ದಳು, ನೀರು ಕೊಡುತ್ತಿದ್ದಳು, ಲೋಟ ಎಣಿಸಿ ಒಳಗಿಡುತ್ತಿದ್ದಳು. ಗಟ್ಟಿ ಹೆಂಗಸು ಕಣಮ್ಮ ಎಂದು ಬೀದಿ ಮಾತಾಡಿಕೊಂಡಿತು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಅಳು ಬರಲಿಲ್ಲ, ಅಷ್ಟೇ. ಅನ್ನಕ್ಕೆ ಉಪ್ಪು ಹಾಕಿದೆಯೋ ಇಲ್ಲವೋ ಬಾಯಿಗೆ ಗೊತ್ತಾಗುತ್ತಿರಲಿಲ್ಲ. ಕಟರು ತಾಗಿ ಬೆರಳಲ್ಲಿ ರಕ್ತ ಬಂದರೆ ಶಕೀಲಾ ಕೂಗಿಕೊಂಡ ಮೇಲೆ ಅವಳು ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಸೊಸೆ ಪ್ರಿಯಾ ಮತ್ತು ಅವಳು, ಇಬ್ಬರೇ. ಸೊಸೆ ಬೆಳಿಗ್ಗೆ ಇಂದಿರಾನಗರದ ಬಟ್ಟೆ ಅಂಗಡಿಯ ಬಿಲ್ಲಿಂಗಿಗೆ ಹೋದರೆ ಸಂಜೆಗೆ ಬರುತ್ತಿದ್ದಳು. ಇಬ್ಬರೂ ಉಂಡು ಪಾತ್ರೆ ತೊಳೆದು ಮಲಗುತ್ತಿದ್ದರು. ಅವನ ಹೆಸರು ಎತ್ತುತ್ತಿರಲಿಲ್ಲ.

ಸುಗತನ ಕೈಬರಹ ಅಂದರೆ ಏನೆಂದು ಹೇಳಲಿ! ಅವನಪ್ಪ ಮುನಿರಾಜಪ್ಪ ಇದ್ದಾಗ ಹಲಸೂರಿನ ಸುತ್ತಮುತ್ತ ಬೋರ್ಡು ಬರೆಯುತ್ತಿದ್ದವನು. ಬುದ್ಧ ಪೂರ್ಣಿಮೆಗೆ ಬೀದಿಯ ಬ್ಯಾನರೆಲ್ಲ ಅವನ ಕುಂಚದ್ದೇ. ಆ ಕೈ ಮಗನಿಗೆ ಬಂದಿತ್ತು. ಮಗ ಒಂದು ಕೊರಿಯರ್ ಆಫೀಸಿನಲ್ಲಿ ಗುಮಾಸ್ತ. ಆದರೆ ಡಿಸೆಂಬರ್ ಬಂತೆಂದರೆ ಇಂದಿರಾನಗರದ ಒಂದು ಈವೆಂಟ್ ಆಫೀಸಿನವರು ಪೆಟ್ಟಿಗೆಗಟ್ಟಲೆ ಕಾರ್ಡು ಕಳಿಸುತ್ತಿದ್ದರು. ದೊಡ್ಡ ದೊಡ್ಡ ಕಂಪನಿಗಳ ಶುಭಾಶಯ. ಅಚ್ಚು ಹಾಕಿದ್ದು ಬೇಡ, ಕೈಯಲ್ಲೇ ಬರೆದದ್ದು ಬೇಕು, ಆಗಲೇ ಮರ್ಯಾದೆ ಅನ್ನುವ ಜನ. ಸುಗತ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಕಡ್ಡಿ ಪೆನ್ನನ್ನು ಮಸಿಗೆ ಅದ್ದಿ, ಕೂಡಿಸಿ ಬರೆಯುವ ಇಂಗ್ಲಿಷಿನಲ್ಲಿ ಬಳ್ಳಿ ಹಬ್ಬಿಸಿದಂತೆ ಬರೆಯುತ್ತಿದ್ದ. ಯಶೋದಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಓದಲು ಬಾರದಿದ್ದರೇನು? ಬಾಲ ಹೊರಳಿಸುವ ಅಕ್ಷರ ಯಾವುದು, ಕೊಕ್ಕೆ ಹಾಕುವ ಅಕ್ಷರ ಯಾವುದು ಎಲ್ಲ ಅವಳ ಕಣ್ಣಿಗೆ ಗೊತ್ತಿತ್ತು.

ಅವನು ಹೋದ ಮೇಲೆ ಒಂದು ದಿನ ಅವಳಿಗೆ ಹೊಳೆಯಿತು, ಮನೆಯಲ್ಲಿ ಅವನು ಬರೆದ ಒಂದು ಸಾಲೂ ಇಲ್ಲ. ಹೆಂಡತಿಗೆ ಏನು ಹೇಳುವುದಿದ್ದರೂ ಮೊಬೈಲಿನಲ್ಲಿ. ಸಾಮಾನಿನ ಚೀಟಿ ಕೂಡ ಮೊಬೈಲಿನಲ್ಲಿ. ಬ್ಯಾಂಕಿನ ಪುಸ್ತಕದಲ್ಲಿ ಒಂದು ಸಹಿ ಇತ್ತು, ಜೇಡ ಓಡಿದಂತೆ. ಅದನ್ನು ಅಕ್ಷರ ಅನ್ನುತ್ತಾರೆಯೇ? ಸ್ಕೂಲಿನ ನೋಟುಬುಕ್ಕುಗಳು ಎರಡು ಟ್ರಂಕಿನ ತುಂಬ ಇದ್ದವು. ಮನೆ ಬದಲಾಯಿಸುವಾಗ ಅಟ್ಟಕ್ಕೆ ಭಾರ ಎಂದು ತೂಕಕ್ಕೆ ಹಾಕಿ ಕಳಿಸಿದವಳು ಬೇರೆ ಯಾರೂ ಅಲ್ಲ, ಇದೇ ಯಶೋದಮ್ಮ. ತನ್ನ ಕೈಯಾರೆ. ಅದನ್ನು ನೆನೆದಾಗಲೂ ಅವಳಿಗೆ ಅಳು ಬರಲಿಲ್ಲ. ಒಂದೇ ಒಂದು ಚೂರು ಬೇಕು ಅನ್ನಿಸಿತು. ಅವನ ಕೈ ಆಡಿದ ಒಂದು ಚೂರು ಕಾಗದ. ಆ ಬಯಕೆ ಬಿಟ್ಟರೆ ಅವಳೊಳಗೆ ಬೇರೇನೂ ಉಳಿದಿರಲಿಲ್ಲ.

ಕ್ಯಾಂಟೋನ್ಮೆಂಟಿನ ಮನೆಗಳ ಹಳೇ ಕಾರ್ಡು ಒಂದು ಶೆಡ್ಡಿಗೆ ಬರುತ್ತವಂತೆ ಎಂದು ಪಕ್ಕದ ಬೀದಿಯ ಹಂಸ ಹೇಳಿದ್ದೇ ತಡ, ಕೆಲಸ ಕೇಳಿಕೊಂಡು ಹೋದವಳು ಅವಳು. ಹೋದ ಡಿಸೆಂಬರಿನಲ್ಲಿ ಸುಗತ ಬರೆದ ಕಾರ್ಡುಗಳು ಎಲ್ಲಿ ಹೋಗಿರುತ್ತವೆ? ಇಂಥದೇ ದೊಡ್ಡ ಮನೆಗಳಿಗೆ ತಾನೆ? ಲೆಕ್ಕ ಸರಿಯಾಗಿಯೇ ಇತ್ತು.

ಹನ್ನೊಂದನೇ ದಿನ ಸಿಕ್ಕಿತು. ಹೊರಗೆ ಬಂಗಾರದ ಬಣ್ಣದ ನಕ್ಷತ್ರ, ಒಳಗೆ ಕಪ್ಪು ಮಸಿಯಲ್ಲಿ ನಾಲ್ಕು ಸಾಲು. ಬಾಲ ಹೊರಳಿದೆ. ಕೊಕ್ಕೆ ಬಿದ್ದಿದೆ. ಬಳ್ಳಿ ಹಬ್ಬಿದೆ. ಯಶೋದಮ್ಮ ಸೀಳಿದಳು, ಚಿತ್ರವನ್ನು ಅದರ ರಾಶಿಗೆ ಇಟ್ಟಳು, ಬರೆದಿದ್ದ ಅರ್ಧ ಹಿಡಿದು ಗೋಣಿಚೀಲದ ಕಡೆಗೆ ಚಾಚಿದ ಕೈಯನ್ನು ಹಾಗೆಯೇ ಸೆರಗಿನೊಳಗೆ ತಂದುಕೊಂಡಳು. ಯಾರೂ ನೋಡಲಿಲ್ಲ. ರೂಲ್ ಪ್ರಕಾರ ಕೆಲಸ ಮಾಡುವವಳನ್ನು ಯಾರು ನೋಡುತ್ತಾರೆ? ಅಂದು ಬಸ್ಸಿನಲ್ಲಿ ಕೆ.ಆರ್. ಪುರದ ಕಡೆಗೆ ಬರುವಾಗ ಆ ಚೂರು ರವಿಕೆಯೊಳಗೆ ಬೆವರಿಗೆ ಅಂಟಿಕೊಂಡಿತ್ತು. ಏನಾದರೂ ಆಗುತ್ತದೆ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಮನೆಗೆ ಬಂದು ಅದನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಸೀರೆಗಳ ಕೆಳಗಿಟ್ಟಳು.

ಒಂದು ಸಿಕ್ಕಿದ್ದಕ್ಕೆ ಸುಮ್ಮನಾಗಬಹುದಿತ್ತು. ಆದರೆ ಮರುದಿನ ಇನ್ನೊಂದು ಬಂತು. ಆ ವಾರ ಮೂರು. ಮೂಲೆಯಲ್ಲಿ ಅಚ್ಚಾಗಿದ್ದ ಗುರುತು ನೋಡಿದರೆ ಒಂದು ಬ್ಯಾಂಕಿನದು, ಒಂದು ಕಾರಿನ ಶೋರೂಮಿನದು, ಒಂದು ಅದೇನೋ ಕಟ್ಟಡ ಕಟ್ಟುವವರದು. ಎಲ್ಲದರಲ್ಲೂ ಅದೇ ಬಾಲ, ಅದೇ ಕೊಕ್ಕೆ. ಪರವಾಗಿಲ್ಲವೇ ನನ್ನ ಮಗ, ಇಷ್ಟು ಕಂಪನಿಗೆ ಅವನೇ ಬೇಕಾಗಿದ್ದ ಅಂದುಕೊಂಡಳು. ಹೆಮ್ಮೆ ಎನ್ನೋಣವೇ? ಹೆಮ್ಮೆಯಿದ್ದ ಜಾಗ ಇದು ಎಂದು ಗುರುತಾಗುವಷ್ಟು ಮಾತ್ರ. ಬೇಸಿಗೆ ಕಳೆಯಿತು, ಮಳೆ ಬಂದು ಹೋಯಿತು, ದಸರಾ ಮುಗಿಯಿತು. ಡಿಸೆಂಬರ್ ಹೊತ್ತಿಗೆ ಡಬ್ಬಿಯಲ್ಲಿ ನಲವತ್ತೊಂದು ಚೂರು.

ಸುಗತನ ವರ್ಷದ ದಿನ ಹತ್ತಿರ ಬಂತು. ಜನವರಿಯಲ್ಲಿ ನೆಂಟರನ್ನು ಕರೆದು, ಬುದ್ಧ ವಂದನೆ ಮಾಡಿಸಿ, ನಾಲ್ಕು ಜನಕ್ಕೆ ಊಟ ಹಾಕಬೇಕು. ಒಂದು ಭಾನುವಾರ ಮಧ್ಯಾಹ್ನ ಪ್ರಿಯಾ ಕರೆಯಬೇಕಾದವರ ಪಟ್ಟಿ ಮಾಡುತ್ತ ಕೂತಿದ್ದಾಗ ಯಶೋದಮ್ಮ ಎದ್ದು ಹೋಗಿ ಡಬ್ಬಿ ತಂದು ಮುಂದಿಟ್ಟಳು.

"ಇವನ್ನ ಫ್ರೇಮ್ ಹಾಕಿಸ್ಬೇಕು ಕಣವ್ವ. ಫೋಟೋ ಪಕ್ಕ ಗೋಡೆ ತುಂಬ ಇಡಾಣ. ಬಂದೋರೆಲ್ಲ ನೋಡ್ಲಿ, ನನ್ ಮಗನ ಕೈ ಎಂಥದಿತ್ತು ಅಂತ."

ಪ್ರಿಯಾ ಮುಚ್ಚಳ ತೆಗೆದಳು. ಮೇಲಿದ್ದ ಚೂರನ್ನು ನೋಡಿದಳು. ಅದರ ಕೆಳಗಿನದನ್ನು ನೋಡಿದಳು. ಹತ್ತು ಹದಿನೈದನ್ನು ಎತ್ತಿ ನೆಲದ ಮೇಲೆ ಸಾಲಾಗಿ ಇಟ್ಟಳು. "ಎಲ್ಲಿ ಸಿಕ್ತು ಅತ್ತೆ ಇವು?"

ಯಶೋದಮ್ಮ ಹೇಳಿದಳು. ಶೆಡ್ಡು, ಕಾನೂನು, ಸೆರಗು, ಎಲ್ಲ. ಕದ್ದೆ ಎಂದೇ ಹೇಳಿದಳು. ಮುಚ್ಚುಮರೆ ಮಾಡಲಿಲ್ಲ.

ಪ್ರಿಯಾ ಮೆಲ್ಲಗೆ, "ಅತ್ತೆ, ಬೇಜಾರ್ ಮಾಡ್ಕೋಬೇಡಿ. ಇವು ಅವ್ರು ಬರ್ದಿದ್ದಲ್ಲ. ಪ್ರಿಂಟು," ಅಂದಳು.

"ಏನ್ ಪ್ರಿಂಟು?"

"ಕಂಪ್ಯೂಟರ್‌ನಲ್ಲಿ ಕೈಬರಹದ ಥರಾನೇ ಅಕ್ಷರ ಬರುತ್ತೆ. ಎಷ್ಟು ಸಾವಿರ ಬೇಕಾದ್ರೂ ಹೊಡೀಬೋದು. ನೋಡಿ, ಈ ಅಕ್ಷರದ ಬಾಲ, ಇಲ್ಲಿ, ಇಲ್ಲಿ, ಇಲ್ಲಿ, ಒಂದೇ ಅಳತೆ. ಮನುಷ್ಯರು ಬರೆದ್ರೆ ಹಿಂಗೆ ಬರಲ್ಲ."

"ನನ್ ಮಗನ ಕೈ ನಂಗೊತ್ತಿಲ್ವಾ? ನೀನು ಎರಡು ವರ್ಷ ಸಂಸಾರ ಮಾಡಿರೋಳು, ನಾನು ಹೆತ್ತೋಳು." ಮಾತು ಹರಿತವಾಗಿತ್ತು, ಆದರೆ ದನಿ ಏರಿರಲಿಲ್ಲ. ಸಂತೆಯಲ್ಲಿ ಸೊಪ್ಪಿನ ಕಟ್ಟು ಸಣ್ಣದು ಎಂದು ಹೇಳುವ ಹಾಗೆ ಹೇಳಿದಳು. ಪ್ರಿಯಾ ಇಷ್ಟು ದಿನ ತನ್ನೊಳಗೆ ಇಟ್ಟುಕೊಂಡಿದ್ದನ್ನು ಹೇಳುವುದೋ ಬೇಡವೋ ಎಂದು ಪಟ್ಟಿಯ ಹಾಳೆಯನ್ನು ಮಡಚಿದಳು, ಬಿಡಿಸಿದಳು.

"ಅವ್ರು ನಿಮ್ಗೆ ಹೇಳ್ಬೇಡ ಅಂದಿದ್ರು. ಹೋದ ಡಿಸೆಂಬರಲ್ಲಿ ಆ ಆಫೀಸಿನೋರು ಅವ್ರಿಗೆ ಕೊಟ್ಟಿದ್ದೇ ನೂರು ಕಾರ್ಡು. ಉಳಿದಿದ್ದೆಲ್ಲ ಪ್ರಿಂಟು ಮಾಡಿಸ್ಬಿಟ್ರು. ಇನ್ನು ಮುಂದಿನ ವರ್ಷ ನೀವು ಬರೋದೇ ಬೇಡ ಅಂದ್ರಂತೆ. ಅಮ್ಮ ನೊಂದ್ಕೋತಾಳೆ, ಸುಮ್ನಿರು ಅಂದ್ರು."

ಯಶೋದಮ್ಮನಿಗೆ ನೆನಪಾಯಿತು. ಹೋದ ಡಿಸೆಂಬರಿನಲ್ಲಿ ಮೇಜಿನ ಮೇಲೆ ಬಟ್ಟೆ ಹಾಸಿದ್ದು ಮೂರೇ ದಿನ. ಈ ಸಲ ಬೇಗ ಮುಗೀತೇನೋ ಎಂದು ಕೇಳಿದ್ದಕ್ಕೆ, ಕೈ ಪಳಗಿದೆಯಲ್ಲಮ್ಮ ಎಂದು ನಕ್ಕಿದ್ದ. ಹೆತ್ತವಳ ಹತ್ತಿರವೂ ಮಾನ ಕಾಪಾಡಿಕೊಂಡನೇ? ಅವಳು ಗೋಡೆಗೆ ಒರಗಿದಳು. "ಗೊತ್ತಾಗೋದು ಹೆಂಗೆ? ಯಾವ್ದು ಪ್ರಿಂಟು, ಯಾವ್ದು ಅವ್ನು?"

"ಅವ್ರ ಮಸಿ ನೀರು ತಾಕಿದ್ರೆ ಹರಡುತ್ತೆ. ಹತ್ರ ಟೀ ಲೋಟ ಇಟ್ರೆ ಎಷ್ಟು ಬೈತಿದ್ರು ನೆನಪಿಲ್ವಾ? ಪ್ರಿಂಟು ಹರಡಲ್ಲ. ಆದ್ರೆ ಅತ್ತೆ..." ಪ್ರಿಯಾ ಚೂರುಗಳನ್ನು ತನ್ನ ಕಡೆಗೆ ಎಳೆದುಕೊಂಡಳು. "ಒದ್ದೆ ಮಾಡಿದ್ರೆ ಅವ್ರು ಬರ್ದಿರೋದೇ ಆಗಿದ್ರೆ, ಅಷ್ಟು ಭಾಗ ಹಾಳಾಗುತ್ತೆ."

ಇದು ಎಂಥ ಪರೀಕ್ಷೆ ನೋಡಿ. ಮಗನದಲ್ಲದಿದ್ದರೆ ಚೂರು ಉಳಿಯುತ್ತದೆ, ಮಗನದಾದರೆ ಕೆಡುತ್ತದೆ. ಸುಮ್ಮನೆ ಡಬ್ಬಿ ಮುಚ್ಚಿ ಒಳಗಿಟ್ಟಿದ್ದರೆ ನಲವತ್ತೊಂದೂ ಮಗನವೇ ಆಗಿರುತ್ತಿದ್ದವು. ಬೇರೆ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಯಶೋದಮ್ಮ ಎದ್ದು ಹೋಗಿ ಹಳೇ ಪಂಚೆಯ ತುಂಡೊಂದನ್ನು ನೀರಿಗೆ ಅದ್ದಿ, ಚೆನ್ನಾಗಿ ಹಿಂಡಿ ತಂದಳು.

ಮೊದಲನೆಯದು ಬಂಗಾರದ ನಕ್ಷತ್ರದ ಕಾರ್ಡಿನದು. ಕೊನೆಯ ಸಾಲಿನ ಮೂಲೆಗೆ ಬಟ್ಟೆ ಒತ್ತಿದಳು. ತೆಗೆದಳು. ಅಕ್ಷರ ಹಾಗೆಯೇ ಇತ್ತು. ಮತ್ತೆ ಒತ್ತಿ ಉಜ್ಜಿದಳು. ಕಾಗದ ಸವೆದು ಸಿಪ್ಪೆ ಎದ್ದಿತೇ ಹೊರತು ಅಕ್ಷರ ಮಿಸುಕಲಿಲ್ಲ. ಎಂಟು ತಿಂಗಳು ಸೀರೆಗಳ ಕೆಳಗೆ ಜೋಪಾನ ಮಾಡಿದ್ದು ಅದನ್ನು. ಪಕ್ಕಕ್ಕಿಟ್ಟಳು. ಎರಡನೆಯದು. ಪಕ್ಕಕ್ಕೆ. ಮೂರನೆಯದು, ಬ್ಯಾಂಕಿನದು. ಪಕ್ಕಕ್ಕೆ. ಶೆಡ್ಡಿನಲ್ಲಿ ಕೈ ಓಡುತ್ತಿದ್ದ ಹಾಗೆಯೇ ಇಲ್ಲೂ ಓಡಿತು. ಒತ್ತು, ನೋಡು, ಇಡು. ಪ್ರಿಯಾ ಹನ್ನೆರಡರ ಮೇಲೆ ನೋಡಲಾರದೆ, "ಸಾಕು ಬಿಡಿ ಅತ್ತೆ," ಅಂದಳು. ಯಶೋದಮ್ಮ ಬಿಡಲಿಲ್ಲ. ಇಪ್ಪತ್ತು. ಇಪ್ಪತ್ತೈದು. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಮೇಲಿನ ಮನೆಯಲ್ಲಿ ಕುಕ್ಕರ್ ಕೂಗಿತು. ಮೂವತ್ತು. ಮೂವತ್ತೊಂದು.

ಮೂವತ್ತಾರನೆಯದು ಕೆನೆಬಣ್ಣದ ದಪ್ಪ ಕಾಗದ. ಬಟ್ಟೆ ತೆಗೆದಾಗ ಪಂಚೆಯ ತುಂಡಿನ ಮೇಲೆ ಹೆಬ್ಬೆಟ್ಟಿನಷ್ಟಗಲ ನೀಲಿಗಪ್ಪು ಕಲೆ. ಕಾಗದದ ಮೂಲೆಯಲ್ಲಿ ಎರಡು ಪದ ಕರಗಿ ಹರಿದು ಒಂದರೊಳಗೊಂದು ಸೇರಿಹೋಗಿದ್ದವು.

ಪ್ರಿಯಾ ಅದನ್ನು ಕಸಿದುಕೊಂಡಂತೆ ತೆಗೆದುಕೊಂಡಳು. ಕಣ್ಣಿನ ಹತ್ತಿರ ಹಿಡಿದಳು. "ಅವ್ರೇ," ಅಂದಳು. "ಅತ್ತೆ, ಅವ್ರೇ. ಇಲ್ನೋಡಿ, ಇಲ್ಲಿ ಮಸಿ ಮುಗ್ದು ಮತ್ತೆ ಅದ್ಕೊಂಡಿದಾರೆ, ಅಕ್ಷರ ದಪ್ಪ ಆಗಿದೆ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಕಾಗದಕ್ಕೆ ತಾಗದಿರಲಿ ಎಂದು ಕತ್ತು ಹಿಂದಕ್ಕೆ ಎಳೆದುಕೊಂಡಳು.

ಯಶೋದಮ್ಮ ಬಟ್ಟೆಯನ್ನು ಕೆಳಗಿಟ್ಟಳು. ಉಳಿದ ಐದು ಚೂರುಗಳ ಕಡೆ ನೋಡಲೂ ಇಲ್ಲ. "ಏನ್ ಬರ್ದವ್ನೆ? ಓದು."

ಪ್ರಿಯಾ ಇಂಗ್ಲಿಷಿನಲ್ಲಿ ಓದಿದಳು.

"ನಮ್ ಭಾಷೇಲಿ ಹೇಳವ್ವ."

"ಅದೇ ಅತ್ತೆ... ಕಂಪನಿಯವ್ರು ಬರೆಸಿರೋದು. ಸೋಫಾ, ಮಂಚ ಮಾರೋ ಕಂಪನಿ. 'ಇಷ್ಟು ವರ್ಷ ನಮ್ಮನ್ನ ನಂಬಿದ್ದಕ್ಕೆ ವಂದನೆ. ಹೊಸ ವರ್ಷ ನಿಮಗೂ ನಿಮ್ಮ ಮನೆಯವರಿಗೂ ಒಳ್ಳೇದಾಗ್ಲಿ. ಬರೋ ವರ್ಷ ಪೂರ್ತಿ ನಾವು ನಿಮ್ಮ ಜೊತೆಗೇ ಇರ್ತೀವಿ.' ಕೆಳಗೆ ಮಾಲೀಕರ ಹೆಸರಿತ್ತು ಅನ್ಸುತ್ತೆ, ಅದು ಅಳಿಸ್ಹೋಗಿದೆ."

"ಕೊನೇದು ಇನ್ನೊಂದ್ಸಲ ಹೇಳು."

"ಬರೋ ವರ್ಷ ಪೂರ್ತಿ ನಿಮ್ಮ ಜೊತೆಗೇ ಇರ್ತೀವಿ."

"ಯಾವ್ ವರ್ಷ?"

ಯಾವ ವರ್ಷ ಎಂದು ಇಬ್ಬರಿಗೂ ಗೊತ್ತಿತ್ತು. ಇದೇ ವರ್ಷ. ಅವನು ಒಂದು ತಿಂಗಳನ್ನೂ ನೆಟ್ಟಗೆ ಕಾಣದ ವರ್ಷ.

"ಯಾರ್ಗೆ ಹೇಳವ್ನೆ ಹಂಗಂತ?"

"ಗಿರಾಕಿಗಳಿಗೆ ಅತ್ತೆ. ಮಂಚ ತಗೊಂಡೋರಿಗೆ."

ಯಶೋದಮ್ಮ ಆ ಚೂರನ್ನು ಸೊಸೆಯ ಕೈಯಿಂದ ಇಸಿದುಕೊಂಡಳು. ತಲೆಕೆಳಗಾಗಿ ಹಿಡಿದಿದ್ದಳು, ತಿರುಗಿಸಿ ಸರಿಯಾಗಿ ಹಿಡಿದಳು. ಬಾಲ ಹೊರಳಿದ ಅಕ್ಷರದ ಮೇಲೆ ಬೆರಳಾಡಿಸಿದಳು. ಒಳಗಿಂದ ಏನೋ ಎದ್ದು ಬಂತು. ಅಳು ಅಂದುಕೊಂಡಳು. ಅಳುವಲ್ಲ, ಸಿಟ್ಟು.

"ಸುಳ್ಳ ನನ್ಮಗನೇ!" ಎಂದು ಕಿರುಚಿದಳು. ಪ್ರಿಯಾ ಬೆಚ್ಚಿ ಹಿಂದೆ ಸರಿದಳು. "ಏನೋ ಬರ್ದಿದೀಯ ಇದು? ಹಾಂ? ಮಂಚ ತಗೊಂಡೋರ್ಗೆಲ್ಲ ವರ್ಷ ಪೂರ್ತಿ ಇರ್ತೀನಿ ಅಂತ ಬರ್ಕೊಟ್ಟವ್ನೇ, ಮನೇಲಿ ನಾಕ್ ದಿನದ ಜ್ವರ ತಡ್ಕೊಳಕ್ಕಾಗ್ಲಿಲ್ವೇನೋ ನಿಂಗೆ? ಆಸ್ಪತ್ರೆಗೆ ಹೋಗಾಣ ನಡಿಯೋ ಅಂತ ಎರಡನೇ ದಿನವೇ ಬಡ್ಕೊಂಡ್ನಲ್ಲೋ. ಮಾತ್ರೆ ಸಾಕಮ್ಮ ಅಂದ್ಯಲ್ಲ. ಕೈ ಪಳಗಿದೆ ಅಂದ್ಯಲ್ಲ. ಎಲ್ಲಾ ಸುಳ್ಳೇ! ಈ ಹುಡ್ಗಿ ಮುಖ ನೋಡೋ. ನೋಡೋ ಇಲ್ಲಿ! ಇವ್ಳಿಗೊಂದ್ ಸಾಲು ಬರ್ದಿಟ್ಟಿದೀಯೇನೋ? ನಂಗೊಂದ್ ಸಾಲು? ಊರೋರ್ಗೆಲ್ಲ ಬರ್ದ್ಯಲ್ಲೋ!"

ಮೇಲಿನ ಮನೆಯವರು ಮೆಟ್ಟಿಲಿಳಿದು ಬಂದು, ಏನಾಯ್ತು ಎಂದು ಬಾಗಿಲಲ್ಲಿ ಇಣುಕಿದರು. ಪ್ರಿಯಾ ಕೈಸನ್ನೆ ಮಾಡಿ ಅವರನ್ನು ಅಲ್ಲೇ ನಿಲ್ಲಿಸಿದಳು. ಅತ್ತೆಯನ್ನು ಹಿಡಿಯಲಿಲ್ಲ, ಸಮಾಧಾನ ಮಾಡಲಿಲ್ಲ, ನೀರು ತರಲಿಲ್ಲ. ಬೈಯಲಿ ಎಂದು ಬಿಟ್ಟಳು. ಹನ್ನೊಂದು ತಿಂಗಳಿಂದ ಆ ಮನೆಯಲ್ಲಿ ಯಾರೂ ಅವನನ್ನು ಬೈದಿರಲಿಲ್ಲ.